ತೊಂಬತ್ತು ಸೆಕೆಂಡಿನ ತೋರಣ

ಜಪಾನಿನ ಕಾರ್ಟೂನ್ ಸರಣಿಗಳಿಗೆ ಈಗಿನ ಮಕ್ಕಳು ‘ಅನಿಮೆ’ ಎನ್ನುತ್ತಾರೆ. ಅದರ ಪ್ರತಿ ಕಂತೂ ಒಂದು ಹಾಡಿನಿಂದ ಶುರುವಾಗುತ್ತದೆ. ಹಾಡಿನ ಜೊತೆ ಚಿತ್ರಗಳು ಓಡುತ್ತವೆ, ಚಿತ್ರಗಳ ಮೇಲೆ ಹೆಸರುಗಳು ಬಂದು ಹೋಗುತ್ತವೆ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ‘ಸ್ಕಿಪ್ ಇಂಟ್ರೋ’ ಎಂಬ ಗುಂಡಿ ಮೂಡುತ್ತದೆ. ಮಕ್ಕಳ ಬೆರಳು ತಟ್ಟನೆ ಅದರ ಮೇಲೆ ಬೀಳುತ್ತದೆ. ಹಾಡೂ ಹೋಯಿತು, ಹೆಸರೂ ಹೋಯಿತು.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವನು. ಈಗ ಅಗಡಿಯಲ್ಲಿದ್ದೇನೆ. ರಜೆಗೆ ಬರುವ ಮೊಮ್ಮಕ್ಕಳ ಜೊತೆ ಟಿವಿ ಮುಂದೆ ಕೂರುವುದು ನನ್ನ ಈಗಿನ ಉದ್ಯೋಗ. ಅವರು ನೋಡುವ ಕಥೆಗಳು ನನಗೆ ಅರ್ಧಂಬರ್ಧ ತಿಳಿಯುತ್ತವೆ. ಆದರೆ ಮೊದಲಿನ ಆ ಒಂದೂವರೆ ನಿಮಿಷ ಪೂರಾ ತಿಳಿಯುತ್ತದೆ. ಅಲ್ಲಿ ಮಾತಿಲ್ಲ, ಚಿತ್ರವೇ ಮಾತು. “ಅಜ್ಜಾ, ಕಥಿ ಇನ್ನೂ ಚಾಲೂನ ಆಗಿಲ್ಲ, ಏನ್ ನೋಡಾಕತ್ತಿ?” ಎಂದು ಮೊಮ್ಮಗ ಕೇಳುತ್ತಾನೆ. ಅವನಿಗೆ ನಾನು ಕೊಟ್ಟ ಉತ್ತರವನ್ನೇ ಸ್ವಲ್ಪ ಬೆಳೆಸಿ ನಿಮಗೂ ಹೇಳುತ್ತೇನೆ.

ಮೊದಲು ಲೆಕ್ಕ

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಅನಿಮೆಯ ಆರಂಭದ ಹಾಡು ಸಾಮಾನ್ಯವಾಗಿ 90 ಸೆಕೆಂಡ್ ಇರುತ್ತದೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡಬೇಕು. 90ನ್ನು 24ರಿಂದ ಗುಣಿಸಿದರೆ 2160. ಅಷ್ಟೂ ಚೌಕಟ್ಟಿಗೆ ಬೇರೆ ಬೇರೆ ಚಿತ್ರ ಬರೆಯುತ್ತ ಕುಳಿತರೆ ವಾರಕ್ಕೊಂದು ಕಂತು ಯಾವ ಕಾಲಕ್ಕೂ ಮುಗಿಯದು. ಅದಕ್ಕೆ ಜಪಾನಿನವರು ಒಂದು ಉಪಾಯ ಮಾಡಿದರು. ಒಂದೇ ಚಿತ್ರವನ್ನು ಮೂರು ಚೌಕಟ್ಟಿನವರೆಗೆ ನಿಲ್ಲಿಸುವುದು. ಆಗ ಸೆಕೆಂಡಿಗೆ 8 ಚಿತ್ರ ಸಾಕು. 90 ಸೆಕೆಂಡಿಗೆ 720. ನಮ್ಮ ಕಣ್ಣು ಇದನ್ನು ಒಪ್ಪಿಕೊಳ್ಳುತ್ತದೆ.

ಈ ಮಿತವ್ಯಯದ ದಾರಿಯನ್ನು ಟಿವಿಗೆ ತಂದು ಗಟ್ಟಿ ಮಾಡಿದವರು ಒಸಾಮು ತೆಜುಕಾ. ಅವರ ‘ಆಸ್ಟ್ರೋ ಬಾಯ್’ ಸರಣಿ 1963ರ ಜನವರಿ 1ರಂದು ಜಪಾನಿನ ಟಿವಿಯಲ್ಲಿ ಶುರುವಾಯಿತು. ವಾರವಾರವೂ ಅರ್ಧ ಗಂಟೆ ಬರುವ ಕಾರ್ಟೂನ್ ಸರಣಿಯೆಂದರೆ ಹಣವೂ ಕಡಿಮೆ, ಸಮಯವೂ ಕಡಿಮೆ. ಅದಕ್ಕೆ ಕಥೆಯ ಒಳಗೆ ಎಷ್ಟೋ ಕಡೆ ಬಾಯಿ ಮಾತ್ರ ಆಡುತ್ತದೆ, ಮೈ ನಿಂತಿರುತ್ತದೆ. ಒಮ್ಮೆ ಬರೆದ ಹಾರಾಟವನ್ನು ಮತ್ತೆ ಮತ್ತೆ ಬಳಸುತ್ತಾರೆ.

ಆದರೆ ಆರಂಭದ ಹಾಡಿನ ಲೆಕ್ಕವೇ ಬೇರೆ. ಅದನ್ನು ಒಮ್ಮೆ ಬರೆದರೆ ವಾರವಾರವೂ ತೋರಿಸಬಹುದು. ಹಬ್ಬಕ್ಕೆ ಹೊಲಿಸಿದ ಅಂಗಿಯನ್ನು ಪ್ರತಿ ಹಬ್ಬಕ್ಕೂ ಹಾಕಿಕೊಂಡ ಹಾಗೆ. ಆದ್ದರಿಂದ ಒಳ್ಳೆಯ ಕೈಗಳನ್ನು, ಒಳ್ಳೆಯ ಬಣ್ಣವನ್ನು, ಹೆಚ್ಚಿನ ದಿನಗಳನ್ನು ಅಲ್ಲಿ ಖರ್ಚು ಮಾಡುತ್ತಾರೆ. ಎಷ್ಟೋ ಸರಣಿಗಳಲ್ಲಿ ಎಲ್ಲಕ್ಕಿಂತ ಚೆಂದದ ಚಿತ್ರಗಳಿರುವುದು ನೀವು ಬಿಟ್ಟು ಹೋಗುವ ಆ ಒಂದೂವರೆ ನಿಮಿಷದಲ್ಲಿಯೇ.

ಆಕಾಶದಿಂದ ಇಳಿದ ಜೋಕಾಲಿ

ಉದಾಹರಣೆಗೆ 1974ರ ‘ಹೈದಿ’ ಸರಣಿಯ ಆರಂಭ ನೋಡಿ. ಸ್ವಿಟ್ಜರ್ಲೆಂಡಿನ ಲೇಖಕಿ ಯೋಹಾನಾ ಸ್ಪೀರಿ ಬರೆದ ಕಾದಂಬರಿ ಅದು. ತಂದೆ ತಾಯಿ ಇಲ್ಲದ ಪುಟ್ಟ ಹುಡುಗಿ ಬೆಟ್ಟದ ಮೇಲೆ ಒಂಟಿಯಾಗಿರುವ ಅಜ್ಜನ ಮನೆಗೆ ಬರುತ್ತಾಳೆ. ಅಜ್ಜ ಮೊಮ್ಮಗಳ ಕಥೆಯೆಂದು ನಾನೂ ಆಸೆಯಿಂದ ನೋಡಿದೆ.

ಆರಂಭದಲ್ಲಿ ಹೈದಿ ಜೋಕಾಲಿ ಆಡುತ್ತಾಳೆ. ಹಗ್ಗ ಎಲ್ಲಿಗೆ ಕಟ್ಟಿದೆ ಎಂದು ಕಾಣುವುದೇ ಇಲ್ಲ. ಆಕಾಶಕ್ಕೇ ಕಟ್ಟಿದಂತಿದೆ. ಕೆಳಗೆ ಊರು, ಬಯಲು, ಬೆಟ್ಟ. ಇಂಥ ಜೋಕಾಲಿ ಲೋಕದಲ್ಲಿ ಎಲ್ಲೂ ಇಲ್ಲ. ಆದರೂ ನಾಗರ ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಜೀಕಿದ ನಮ್ಮ ಅಜ್ಜಿಯರಿಗೆ ಆ ಚಿತ್ರದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೇಲೆ ಹೋದಾಗ ಹೊಟ್ಟೆಯಲ್ಲಿ ಆಗುವ ಆ ಝುಮ್ಮೆನ್ನುವಿಕೆಯೇ ಅದರ ಅರ್ಥ. ಈ ಹುಡುಗಿಗೆ ಇಲ್ಲಿ ಬಿಡುಗಡೆ ಸಿಕ್ಕಿದೆ ಎಂದು ಒಂದೂ ಮಾತಿಲ್ಲದೆ ಗೊತ್ತಾಗುತ್ತದೆ.

ಅದೇ ಹಾಡಿನಲ್ಲಿ ಹೈದಿ ಮತ್ತು ಪೀಟರ್ ಕೈ ಕೈ ಹಿಡಿದು ಕುಣಿಯುತ್ತಾರೆ. ಆ ಕುಣಿತದ ಹಿಂದೆ ಒಂದು ತಮಾಷೆಯ ಸಂಗತಿ ಇದೆ. ಸರಣಿಯ ಕಲಾವಿದರಾದ ಹಯಾವೊ ಮಿಯಾಜಾಕಿ ಮತ್ತು ಯೊಇಚಿ ಕೊತಾಬೆ ತಾವೇ ಕೈ ಹಿಡಿದು ಮಕ್ಕಳ ಹಾಗೆ ಕುಣಿದು ತೋರಿಸಿದರು. ಅದನ್ನು ನೋಡಿ ಚಿತ್ರ ಬರೆದರು. ನಿರ್ದೇಶಕ ಇಸಾವೊ ತಾಕಾಹಾತಾ ಮತ್ತು ಸಂಗಡಿಗರು ಅದಕ್ಕೂ ಮೊದಲೇ, 1973ರಲ್ಲಿ, ಸ್ವಿಟ್ಜರ್ಲೆಂಡಿಗೆ ಹೋಗಿ ಬೆಟ್ಟ, ಮನೆ, ಹುಲ್ಲು ಎಲ್ಲವನ್ನೂ ಕಣ್ಣಾರೆ ನೋಡಿ ಬಂದಿದ್ದರು. ನಾನು ತರಗತಿಯಲ್ಲಿ ಹೇಳುತ್ತಿದ್ದುದೂ ಇದನ್ನೇ: ಎತ್ತಿನ ಚಿತ್ರ ಬರೆಯುವ ಮೊದಲು ಹೋಗಿ ಎತ್ತನ್ನು ನೋಡಿ ಬಾ.

ನಮ್ಮ ಮಕ್ಕಳ ಅಪ್ಪ ಅಮ್ಮಂದಿರಿಗೂ ಒಂದು ಜಪಾನಿ ಆರಂಭ ಗೊತ್ತಿದೆ, ಅದು ಜಪಾನಿನದೆಂದು ಗೊತ್ತಿಲ್ಲದಿದ್ದರೂ. 1990ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿಯ ಕಥೆ ಅದು. ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ಮಾಡಿದ ಸರಣಿ. ಚಿತ್ರ ಜಪಾನಿನದು, ಹಿಂದಿ ಹಾಡು ಗುಲ್ಜಾರರದು, ಸಂಗೀತ ವಿಶಾಲ್ ಭಾರದ್ವಾಜರದು. ಹಿಂದಿ ಬಾರದ ನಮ್ಮ ಓಣಿಯ ಹುಡುಗರೂ ಅದನ್ನು ತಪ್ಪಿಲ್ಲದೆ ಹಾಡುತ್ತಿದ್ದರು.

ಅಲುಗಾಡದ ಗೆರೆಗಳ ಮಾಲ್ಗುಡಿ

ಇಷ್ಟು ಓದಿ, ಚಿತ್ರ ಓಡಿದರೆ ಮಾತ್ರ ಆರಂಭ ಚೆಂದ ಎಂದುಕೊಳ್ಳಬೇಡಿ. ನಮ್ಮ ಕರ್ನಾಟಕದಲ್ಲೇ ಆದ ಒಂದು ಆರಂಭದಲ್ಲಿ ಚಿತ್ರಗಳು ಅಲುಗಾಡುವುದೇ ಇಲ್ಲ. ಆದರೂ ಅದನ್ನು ಕಂಡವರು ಮರೆತಿಲ್ಲ. ಅದು ‘ಮಾಲ್ಗುಡಿ ಡೇಸ್’.

1986ರಲ್ಲಿ ಶಂಕರ್‌ನಾಗ್ ಈ ಧಾರಾವಾಹಿ ನಿರ್ದೇಶಿಸಿದರು. ಆರ್. ಕೆ. ನಾರಾಯಣರ ಕಥೆಗಳು. ಮಾಲ್ಗುಡಿ ಎಂಬ ಊರು ಭೂಪಟದಲ್ಲಿಲ್ಲ, ನಾರಾಯಣರ ತಲೆಯಲ್ಲಿತ್ತು. ಅದನ್ನು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಕಟ್ಟಿ ನಿಲ್ಲಿಸಿದರು. ಕಲಾ ನಿರ್ದೇಶನ ಜಾನ್ ದೇವರಾಜ್ ಅವರದು. ರೈಲು ನಿಲ್ದಾಣಕ್ಕೆ ಅರಸಾಳು ನಿಲ್ದಾಣ ಸಿಕ್ಕಿತು. ಆ ಹಳೆಯ ಕಟ್ಟಡ 2020ರಿಂದ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ರಜೆಯಲ್ಲಿ ಆ ಕಡೆ ಹೋದರೆ ಇಳಿದು ನೋಡಿ.

ಧಾರಾವಾಹಿಯ ಆರಂಭಕ್ಕೆ ಬೇಕಾದ ಚಿತ್ರಗಳು ಬಂದದ್ದು ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣ್ ಅವರಿಂದ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್, ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅಣ್ಣನ ಕಥೆಗಳಿಗೆ ಚಿತ್ರ ಬರೆಯುತ್ತಿದ್ದರು. ಮುಂಬೈಯ ಹೆಸರಾಂತ ಕಲಾಶಾಲೆಗೆ ಅರ್ಜಿ ಹಾಕಿದಾಗ ಅವರಿಗೆ ಪ್ರವೇಶ ಸಿಗಲಿಲ್ಲ. ಅದೇ ಮುಂಬೈಯಲ್ಲಿ ಮುಂದೆ ಅವರ ಚೌಕಳಿ ಕೋಟಿನ ‘ಕಾಮನ್ ಮ್ಯಾನ್’ ದಿನವೂ ಪತ್ರಿಕೆಯ ಮುಖಪುಟದಲ್ಲಿ ನಿಂತ. ಚಿತ್ರಕಲೆಯಲ್ಲಿ ಕಡಿಮೆ ಅಂಕ ಬಂದ ಮಕ್ಕಳು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಲಿ.

ಮಾಲ್ಗುಡಿಯ ಆರಂಭದಲ್ಲಿ ಲಕ್ಷ್ಮಣರ ಗೆರೆ ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಜೊತೆಗೆ ಎಲ್. ವೈದ್ಯನಾಥನ್ ಅವರ ಸಂಗೀತ. ಆ ರಾಗಕ್ಕೆ ಪದಗಳಿಲ್ಲ, ಬರೀ ಗುನುಗು. ಪದವಿಲ್ಲದ್ದರಿಂದ ಯಾವ ಭಾಷೆಯವರೂ ಗುನುಗಬಹುದಾಗಿತ್ತು. ಅಂಥ ಚಿತ್ರದಲ್ಲಿ ಓಟ ಏಕೆ ಬೇಕಿಲ್ಲವೆಂದರೆ, ಲಕ್ಷ್ಮಣರ ಗೆರೆಯಲ್ಲೇ ಓಟವಿದೆ. ಒಂದು ಧೋತರದ ಅಂಚು, ಒಂದು ಬಾಗಿದ ಛತ್ರಿ, ಒಂದು ಕಾಗೆ ಬರೆದರೂ ಅದು ಈಗಷ್ಟೇ ಅಲುಗಾಡಿ ನಿಂತ ಹಾಗಿರುತ್ತದೆ. ನೋಡುವವನ ಮನಸ್ಸು ಉಳಿದ ಚಲನೆಯನ್ನು ತುಂಬಿಕೊಳ್ಳುತ್ತದೆ.

ಆ ಕಾಲದಲ್ಲಿ ಟಿವಿ ಇದ್ದದ್ದು ಊರಿಗೆ ಒಂದೋ ಎರಡೋ ಮನೆಯಲ್ಲಿ. ಧಾರಾವಾಹಿಯ ರಾಗ ಕೇಳಿದೊಡನೆ ಓಣಿಯ ಮಕ್ಕಳು ಆಟ ಬಿಟ್ಟು ಓಡಿ ಬರುತ್ತಿದ್ದರು. ಅಜ್ಜಿಯರು ಹೆರಳು ಹಾಕುವುದನ್ನು ಅರ್ಧಕ್ಕೇ ಬಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾಟಕ ಕಂಪನಿಯಲ್ಲಿ ಮೂರನೆಯ ಗಂಟೆ ಬಾರಿಸಿದ ಹಾಗೆ ಅದು ಕರೆಯಾಗಿತ್ತು. ಇಂದು ಕಥೆ ನಮ್ಮ ಬೆರಳ ತುದಿಯಲ್ಲಿದೆ, ಕರೆ ಬೇಕಿಲ್ಲ. ಗುಂಡಿ ಬಂದದ್ದು ಅದಕ್ಕೇ. ಆದರೆ ಆರಂಭಕ್ಕೆ ಕರೆಯುವುದಲ್ಲದೆ ಇನ್ನೊಂದು ಕೆಲಸವೂ ಇದೆ. ಬೀದಿಯ ಗದ್ದಲದಿಂದ ಬಂದವನ ಕಾಲು ತೊಳೆಸಿ ಒಳಗೆ ಕರೆದುಕೊಳ್ಳುವುದು. ಆ ಕೆಲಸ ಇಂದಿಗೂ ಬೇಕು.

ತೆರೆಯ ಹಿಂದಿನ ಗುಟ್ಟು

ನಾಲ್ಕಾರು ಅನಿಮೆ ಆರಂಭಗಳನ್ನು ಒಟ್ಟಿಗೆ ನೋಡಿದರೆ ಅವುಗಳಿಗೆ ಒಂದು ವ್ಯಾಕರಣ ಇರುವುದು ಗೊತ್ತಾಗುತ್ತದೆ. ಮಕ್ಕಳೇ, ಮುಂದಿನ ಸಲ ಇವನ್ನು ಹುಡುಕಿ.

ಕಥಾನಾಯಕ ಓಡುತ್ತಿರುತ್ತಾನೆ. ಎಲ್ಲಿಗೆ ಎಂದು ಹೇಳುವುದಿಲ್ಲ. ಅವನಿಗೆ ಒಂದು ಗುರಿ ಇದೆ ಎಂಬುದಷ್ಟೇ ನಮಗೆ ಗೊತ್ತಾಗಬೇಕು.

ಗಾಳಿ ಬೀಸುತ್ತದೆ. ಕೂದಲು, ಸೆರಗು, ಎಲೆ ಹಾರುತ್ತವೆ. ಮುಖ ನಿಂತಿದ್ದರೂ ಗಾಳಿಯಿಂದ ಚಿತ್ರಕ್ಕೆ ಜೀವ ಬರುತ್ತದೆ. ಕಡಿಮೆ ಚಿತ್ರದಲ್ಲಿ ಹೆಚ್ಚು ಚಲನೆ ತೋರುವ ಜಾಣತನ ಇದು.

ದೃಶ್ಯ ಮೇಲಕ್ಕೇರಿ ಆಕಾಶ ತುಂಬುತ್ತದೆ. ಆ ಖಾಲಿ ಜಾಗದಲ್ಲಿ ಸರಣಿಯ ಹೆಸರು ಮೂಡುತ್ತದೆ. ಅಕ್ಷರ ಚೆನ್ನಾಗಿ ಕಾಣಬೇಕಾದರೆ ಹಿಂದೆ ಖಾಲಿ ಜಾಗ ಬೇಕು. ಅಂಗಡಿಯ ಬೋರ್ಡು ಬರೆಯುವವರಿಗೂ ಗೊತ್ತಿರುವ ಮಾತು.

ಬಣ್ಣದಿಂದಲೇ ಪಾತ್ರದ ಗುರುತು. ಡೋರೆಮಾನ್ ಎಂದರೆ ನೀಲಿ ಮೈ, ಕೆಂಪು ಕೊರಳಪಟ್ಟಿ, ಹಳದಿ ಗಂಟೆ. ಎಷ್ಟೇ ಚಿಕ್ಕದಾಗಿ ಆಕಾಶದಲ್ಲಿ ಹಾರಿದರೂ ಗುರುತು ಸಿಗುತ್ತದೆ. ಬಯಲಾಟದಲ್ಲಿ ದೂರ ಕುಳಿತವರಿಗೂ ರಾಜ ಯಾರು, ರಾಕ್ಷಸ ಯಾರು ಎಂದು ಕಿರೀಟ ಮತ್ತು ಮುಖದ ಬಣ್ಣದಿಂದಲೇ ತಿಳಿಯುವ ಹಾಗೆ.

ಕೆಲವು ಪಾತ್ರಗಳು ಬರೀ ನೆರಳಾಗಿ ಬರುತ್ತವೆ. ಕಥೆಯಲ್ಲಿ ಅವರು ಇನ್ನೂ ಕಾಲಿಟ್ಟಿಲ್ಲ. ಅವರು ಬಂದ ಮೇಲೆ ಎಷ್ಟೋ ಸರಣಿಗಳಲ್ಲಿ ಅದೇ ಆರಂಭವನ್ನು ತಿದ್ದಿ, ನೆರಳಿಗೆ ಮುಖ ಬರೆಯುತ್ತಾರೆ. ಆರಂಭವನ್ನು ಬಿಟ್ಟು ಹೋಗುವವರಿಗೆ ಈ ಬದಲಾವಣೆ ಕಾಣುವುದೇ ಇಲ್ಲ.

ಈ ಕೊನೆಯ ಉಪಾಯ ಅಜ್ಜಂದಿರಿಗೆ ಹೊಸದಲ್ಲ. ಯಕ್ಷಗಾನದ ಒಡ್ಡೋಲಗದಲ್ಲಿ ಇಬ್ಬರು ತೆರೆ ಹಿಡಿಯುತ್ತಾರೆ. ಮೊದಲು ಕಿರೀಟದ ತುದಿ ಕಾಣುತ್ತದೆ, ಆಮೇಲೆ ಒಂದು ಪಕ್ಕ, ಆಮೇಲೆ ಬೆನ್ನು. ಪೂರ್ಣ ವೇಷ ಕಾಣುವ ಹೊತ್ತಿಗೆ ಸಭೆ ತುದಿಗಾಲಲ್ಲಿ ನಿಂತಿರುತ್ತದೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಗಣಪತಿ ಸ್ತುತಿ ಆದ ಮೇಲೆ ಸಾರಥಿ ಬಂದು, ಬಂದ ಪಾತ್ರವನ್ನು ನೀವು ಯಾರು, ಎಲ್ಲಿಯವರು ಎಂದು ವಿಚಾರಿಸುತ್ತಾನೆ. ತೊಗಲುಗೊಂಬೆಯವರು ದೀಪದ ಬೆಳಕಿಗೆ ಬಣ್ಣದ ನೆರಳನ್ನೇ ನಟರನ್ನಾಗಿ ಮಾಡಿದರು. ಅಮೆರಿಕದ ಸಾಲ್ ಬಾಸ್ 1955ರಲ್ಲಿ ಕತ್ತರಿಸಿದ ಕಾಗದದಂಥ ಆಕಾರಗಳಿಂದಲೇ ಒಂದು ಸಿನಿಮಾದ ಆರಂಭ ಮಾಡಿ ಹೆಸರಾದರು. ಬೇರೆ ಬೇರೆ ದೇಶದವರು ಒಂದೇ ಗುಟ್ಟನ್ನು ತಮ್ಮ ತಮ್ಮ ದಾರಿಯಲ್ಲಿ ಕಂಡುಕೊಂಡರು. ಎಲ್ಲವನ್ನೂ ಒಮ್ಮೆಲೇ ತೋರಿಸಬಾರದು.

ಹೆಸರುಗಳ ಮಾತು

ನಾನು ಆ ಗುಂಡಿಯನ್ನು ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಅದು ನಮ್ಮ ಮನೆಯದು.

ನಮ್ಮ ಸೋದರಮಾವ ನಾಟಕ ಕಂಪನಿಗಳಿಗೆ ಸೀನರಿ ಬರೆಯುತ್ತಿದ್ದರು. ದಪ್ಪ ಅರಿವೆಯನ್ನು ನೆಲಕ್ಕೆ ಹಾಸಿ, ಪುಡಿ ಬಣ್ಣಕ್ಕೆ ಸರೇಸು ಕಲಸಿ, ಉದ್ದ ಕೋಲಿಗೆ ಕುಂಚ ಕಟ್ಟಿ, ನಿಂತೇ ಬರೆಯುತ್ತಿದ್ದರು. ದರಬಾರಿನ ಸೀನು, ರಸ್ತೆ ಸೀನು, ಕಾಡಿನ ಸೀನು. ನಾಂದಿ ಹಾಡು ಮುಗಿದು ಪರದೆ ಎದ್ದು ದರಬಾರು ಕಂಡ ಕೂಡಲೇ ಜನ ಸೀಟಿ ಹೊಡೆಯುತ್ತಿದ್ದರು. ಆಗ ವೇದಿಕೆಯ ಮೇಲೆ ಒಬ್ಬ ನಟನೂ ಬಂದಿರುತ್ತಿರಲಿಲ್ಲ. ಸೀಟಿ ಬಿದ್ದದ್ದು ಬಣ್ಣಕ್ಕೆ. ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ನಟರ ಹೆಸರಿರುತ್ತಿತ್ತು, ಹಾಡುವವರ ಹೆಸರಿರುತ್ತಿತ್ತು, ಪೇಟಿ ಮಾಸ್ತರರ ಹೆಸರೂ ಇರುತ್ತಿತ್ತು. ಮಾವನ ಹೆಸರು ಒಮ್ಮೆಯೂ ಅಚ್ಚಾಗಲಿಲ್ಲ. ಹುಡುಗನಾಗಿದ್ದಾಗ ನಾನು ಸಿಟ್ಟಿನಿಂದ ಕೇಳಿದೆ. ಅವರು ಕೈಗೆ ಹತ್ತಿದ ಬಣ್ಣ ಉಜ್ಜಿಕೊಳ್ಳುತ್ತ, “ಸೀಟಿ ಹೊಡದ್ರಲ್ಲೋ, ಅದ ನನ್ನ ಹೆಸರು” ಎಂದರು. ಅವರು ಬರೆದ ಒಂದು ಪರದೆಯೂ ಈಗ ಉಳಿದಿಲ್ಲ. ಇಲಿ ಕಡಿದವು ಕೆಲವು, ಚೀಲವಾದವು ಕೆಲವು.

ನಮ್ಮ ಅಗಡಿಗೆ ಅಚ್ಚಿನ ನಂಟು ಹಳೆಯದು. 1907ರಲ್ಲಿ ಇಲ್ಲಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಅದರ ಹಿಂದೆ ದುಡಿದ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. ಅವರ ಹೆಸರು ಕನ್ನಡ ನಾಡಿಗೆ ಗೊತ್ತು, ಗೊತ್ತಿರಲೇಬೇಕು. ಆದರೆ ಆ ಪತ್ರಿಕೆಗೆ ಒಂದೊಂದೇ ಅಚ್ಚಿನ ಮೊಳೆ ಜೋಡಿಸಿದ ಕೈಗಳ ಹೆಸರು ಯಾರ ಬಾಯಲ್ಲೂ ಇಲ್ಲ.

ಅನಿಮೆಯಲ್ಲೂ ಇಂಥ ಕೈಗಳು ಬಹಳ. ಮುಖ್ಯ ಕಲಾವಿದ ಒಂದು ಜಿಗಿತದ ಮೊದಲ ಭಂಗಿ ಮತ್ತು ಕೊನೆಯ ಭಂಗಿ ಬರೆಯುತ್ತಾನೆ. ನಡುವಿನ ಚಿತ್ರಗಳನ್ನು ಕಿರಿಯ ಕಲಾವಿದರು ತುಂಬುತ್ತಾರೆ. ಹಿನ್ನೆಲೆಯ ಬೆಟ್ಟ ಮೋಡ ಬರೆಯುವವರು ಬೇರೆ, ಬಣ್ಣ ಹಚ್ಚುವವರು ಬೇರೆ. ಇವರಲ್ಲಿ ಎಷ್ಟೋ ಮಂದಿಗೆ ಇಂದಿಗೂ ಚಿತ್ರಕ್ಕೆ ಇಷ್ಟು ಎಂದೇ ಕೂಲಿ. ರಾತ್ರಿ ಹಗಲೆನ್ನದೆ ದುಡಿಯುವ ಅವರ ಕಷ್ಟದ ಬಗ್ಗೆ ಜಪಾನಿನಲ್ಲೇ ಚರ್ಚೆ ನಡೆಯುತ್ತಿರುತ್ತದೆ. ಅವರ ಹೆಸರು ಲೋಕಕ್ಕೆ ಕಾಣುವುದು ಆರಂಭದ ಮತ್ತು ಕೊನೆಯ ಹಾಡಿನಲ್ಲಿ, ಒಂದೆರಡು ಸೆಕೆಂಡ್ ಮಾತ್ರ.

ನಮ್ಮ ರಾಮಾಯಣಕ್ಕೂ ಹೀಗೆ ಜಪಾನಿನ ಕೈಗಳು ದುಡಿದಿವೆ. ಯುಗೊ ಸಾಕೊ ಅವರ ಕನಸಾಗಿದ್ದ ರಾಮಾಯಣದ ಅನಿಮೆ ಚಿತ್ರವನ್ನು ಅವರೂ ನಮ್ಮ ರಾಮ್ ಮೋಹನ್ ಅವರೂ ಸೇರಿ ನಿರ್ದೇಶಿಸಿದರು. 1990ರ ದಶಕದ ಮೊದಲಲ್ಲಿ ತಯಾರಾದ ಆ ಚಿತ್ರ 2025ರ ಜನವರಿಯಲ್ಲಿ ಮತ್ತೆ ನಮ್ಮ ಟಾಕೀಸುಗಳಿಗೆ ಬಂತು. ಧೋತರ ಉಡುವ ಬಗೆ, ಕೈ ಮುಗಿಯುವ ರೀತಿ ಇವೆಲ್ಲ ಜಪಾನಿನ ಕಲಾವಿದರಿಗೆ ಹೊಸದು. ನಮ್ಮವರು ತೋರಿಸಿಕೊಟ್ಟರು, ಅವರು ಬರೆದರು.

ಆದ್ದರಿಂದ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿದ್ದೇವೆ. ಹೊಸ ಸರಣಿ ಶುರುವಾದರೆ ಮೊದಲ ದಿನ ಆರಂಭವನ್ನು ಪೂರ್ತಿ ನೋಡಬೇಕು, ಕನಿಷ್ಠ ಮೂರು ಹೆಸರು ಓದಬೇಕು. “ಅಜ್ಜಾ, ಹೆಸರೆಲ್ಲಾ ಜಪಾನಿ ಅಕ್ಷರದಾಗ ಅದಾವ, ಹೆಂಗ ಓದೂದು?” ಎಂದಳು ಮೊಮ್ಮಗಳು. “ಓದಾಕ ಬರದಿದ್ರ ಎಣಸವಾ” ಎಂದೆ. ಆರಂಭದ್ದೂ ಕೊನೆಯದೂ ಸೇರಿಸಿ ಎಣಿಸತೊಡಗಿದಳು. ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. “ಇಷ್ಟ ಮಂದಿ ಬೇಕೇನಜ್ಜ ಒಂದ್ ಕಾರ್ಟೂನಿಗೆ?” ಎಂದು ಬೆರಗಾದಳು. ಆ ಬೆರಗು ಬಂದರೆ ಸಾಕು.

ನಿಮ್ಮ ಮನೆಯ ಆರಂಭ

ಈಗ ಕೈಗೆ ಕೆಲಸ. ಬೇಕಾದದ್ದು 12 ಹಾಳೆ, ಪೆನ್ಸಿಲ್, ಬಣ್ಣ, ಒಬ್ಬ ಅಜ್ಜಿ ಅಥವಾ ಅಜ್ಜ.

ಕಥೆ ಹುಡುಕಲು ದೂರ ಹೋಗಬೇಡಿ. ಅಜ್ಜಿಯ ಬಾಲ್ಯವೇ ಕಥೆ. ಅವರ ಹತ್ತಿರ ಕುಳಿತು ಮೂರು ಪ್ರಶ್ನೆ ಕೇಳಿ. ನಿಮ್ಮ ಮನೆಯ ಮುಂದೆ ಏನು ಕಾಣುತ್ತಿತ್ತು? ನಿಮ್ಮ ಜೊತೆ ಆಡುತ್ತಿದ್ದವರು ಯಾರು? ಓಡುತ್ತ ಹೋಗುತ್ತಿದ್ದುದು ಎಲ್ಲಿಗೆ? ಉತ್ತರವನ್ನು ಬರೆದುಕೊಳ್ಳಿ.

ಬಣ್ಣ ಮೂರೇ ಆರಿಸಿ. ನಮ್ಮ ಊರಿನ ಮಕ್ಕಳಿಗೆ ನಾನು ಹೇಳುವುದು ಇವು: ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಗೋವಿನಜೋಳದ ಹಳದಿ, ಎರೆ ಹೊಲದ ಕಪ್ಪು. ನಿಮ್ಮ ಊರಿನ ಬಣ್ಣ ಬೇರೆ ಇರಬಹುದು. ಮೂರೇ ಬಣ್ಣವಾದರೆ 12 ಚಿತ್ರಗಳೂ ಒಂದೇ ಮನೆಯವರಂತೆ ಕಾಣುತ್ತವೆ.

ಮೊದಲ ಹಾಳೆಯಲ್ಲಿ ದೂರದಿಂದ ಕಂಡ ಊರು. ಎರಡರಲ್ಲಿ ಮನೆ. ಮೂರರಲ್ಲಿ ಬಾಲಕಿ ಅಜ್ಜಿ, ಬೆನ್ನು ಮಾತ್ರ. ನಾಲ್ಕು ಮತ್ತು ಐದರಲ್ಲಿ ಓಟ. ಆರರಲ್ಲಿ ಗಾಳಿಗೆ ಹಾರುವ ಏನಾದರೂ ಒಂದು. ಏಳರಲ್ಲಿ ನೆರಳಾಗಿ ಒಬ್ಬರು. ಅವರು ಯಾರೆಂದು ಹೇಳಬೇಡಿ. ಎಂಟರಲ್ಲಿ ಅಜ್ಜಿ ಇಷ್ಟಪಡುತ್ತಿದ್ದ ಒಂದು ವಸ್ತು, ದೊಡ್ಡದಾಗಿ. ಒಂಬತ್ತರಲ್ಲಿ ಅಜ್ಜಿಯ ಮುಖ. ಹತ್ತರಲ್ಲಿ ಆಕಾಶ ಮತ್ತು ಕಥೆಯ ಹೆಸರು. ಹನ್ನೊಂದರಲ್ಲಿ ಎಲ್ಲರೂ ಒಟ್ಟಿಗೆ ನಿಂತ ಚಿತ್ರ. ಹನ್ನೆರಡನೆಯದನ್ನು ಸದ್ಯಕ್ಕೆ ಖಾಲಿ ಬಿಡಿ.

90ನ್ನು 12ರಿಂದ ಭಾಗಿಸಿದರೆ ಏಳೂವರೆ. ಒಂದು ಹಾಳೆಗೆ ಏಳೂವರೆ ಸೆಕೆಂಡ್. ಅಜ್ಜಿ ತಮಗೆ ಬರುವ ಬೀಸುವ ಪದವನ್ನೋ ಜೋಗುಳವನ್ನೋ ಹಾಡಲಿ, ನೀವು ಒಂದೊಂದೇ ಹಾಳೆ ಎತ್ತಿ ಹಿಡಿಯಿರಿ. ಮನೆಯವರೆಲ್ಲ ಮುಂದೆ ಕೂರಲಿ.

ಓಡುವ ಚಿತ್ರವೇ ಬೇಕೆನ್ನುವವರಿಗೆ ಇನ್ನೊಂದು ಆಟ. ಹಳೆಯ ನೋಟ್‌ಬುಕ್ಕಿನ 24 ಹಾಳೆಗಳ ಮೂಲೆಯಲ್ಲಿ ಒಂದು ಚಿಗರಿ ಬರೆಯಿರಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನೋಡಿದವರಿಗೆ ಅದರ ಜಿಗಿತ ಗೊತ್ತು. ಮೊದಲ ಹಾಳೆಯಲ್ಲಿ ನೆಲದ ಮೇಲೆ, ಹನ್ನೆರಡನೆಯದರಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ, ಇಪ್ಪತ್ನಾಲ್ಕನೆಯದರಲ್ಲಿ ಮತ್ತೆ ನೆಲಕ್ಕೆ. ಈ ಮೂರನ್ನು ಮೊದಲು ಬರೆದು ಆಮೇಲೆ ನಡುವಿನವನ್ನು ತುಂಬಿ. ಹೆಬ್ಬೆರಳಿನಿಂದ ಹಾಳೆ ಸರಸರನೆ ಬಿಟ್ಟರೆ ಚಿಗರಿ ಜಿಗಿಯುತ್ತದೆ. ನಡುವಿನ ಚಿತ್ರ ಬರೆಯುವವರ ಕಷ್ಟವೂ ಗೊತ್ತಾಗುತ್ತದೆ.

ಇನ್ನು ಖಾಲಿ ಬಿಟ್ಟ ಹನ್ನೆರಡನೆಯ ಹಾಳೆ. ಅದರಲ್ಲಿ ಹೆಸರು ಬರೆಯಿರಿ. ಕಥೆ ಹೇಳಿದವರು, ಹಾಡಿದವರು, ಗೆರೆ ಎಳೆದವರು, ಬಣ್ಣ ಹಚ್ಚಿದವರು. ಹಾಳೆ ಕತ್ತರಿಸಿಕೊಟ್ಟ ತಮ್ಮನ ಹೆಸರು, ನಡುವೆ ಚುರುಮುರಿ ಕಲಸಿ ಕೊಟ್ಟ ಅಮ್ಮನ ಹೆಸರು ಕೂಡ. ಅಜ್ಜಿಯ ಹೆಸರನ್ನು ಮನೆಯವರು ಕರೆಯುವಂತೆ ‘ಅಜ್ಜಿ’ ಎಂದು ಬರೆದು ಬಿಡಬೇಡಿ. ಅವರ ಪೂರ್ತಿ ಹೆಸರು ಕೇಳಿ, ತವರೂರಿನ ಸಮೇತ ಬರೆಯಿರಿ. ಹಿಂಬದಿಗೆ ತಾರೀಕು ಹಾಕಿ, 12 ಹಾಳೆಗಳನ್ನೂ ಒಂದು ದಾರದಿಂದ ಕಟ್ಟಿ, ಇಲಿ ಮುಟ್ಟದ ಕಡೆ ಇಡಿ.